ಹಾಸನದಲ್ಲಿ ಜನ ಯಾಕೆ ಹೆಚ್ಚಾಗಲಿಲ್ಲ?

ಶುಕ್ರವಾರ ಸಂಜೆ ಬೆಂಗಳೂರಿಂದ ಹಾಸನಕ್ಕೆ ಹೊರಡೋ ರೈಲು ನೋಡಿದ್ದೀರಾ? ತುಂಬಿ ತುಳುಕುತ್ತೆ. ಇಷ್ಟೊಂದು ಜನ ಊರು ಬಿಟ್ಟಿದ್ದೀವಾ ಅಂತ ಜನಗಣತಿ ತೆಗೆದು ನೋಡಿದೆ. ಕಾಮರ್ಸ್ ಓದಿದವನಿಗೆ ಅಂಕಿಯ ಚಟ.

2001ರಲ್ಲಿ ಹಾಸನ ಜಿಲ್ಲೆಯ ಜನಸಂಖ್ಯೆ 17,21,669. 2011ರಲ್ಲಿ 17,76,421. ಹತ್ತು ವರ್ಷಕ್ಕೆ ಏರಿಕೆ ಬರೀ ಶೇ 3.2! ಅದೇ ಅವಧಿಯಲ್ಲಿ ಇಡೀ ರಾಜ್ಯದ್ದು ಶೇ 15.6. ಮಕ್ಕಳು ಕಡಿಮೆ ಆಗಿರೋದು ನಿಜ, ಆದ್ರೆ ಊರು ಬಿಟ್ಟವರನ್ನ ಲೆಕ್ಕಕ್ಕೆ ಸೇರಿಸದೆ ಈ ಅಂಕಿ ಅರ್ಥ ಆಗಲ್ಲ.

ಹಾಗಂತ ಇದು ಬರಡು ಸೀಮೆ ಅಲ್ಲ. ಪಶ್ಚಿಮಕ್ಕೆ ಸಕಲೇಶಪುರದ ಮಲೆನಾಡು. ಪೂರ್ವಕ್ಕೆ ಬಂದಂತೆ ಮಳೆ ಇಳೀತಾ, ಚನ್ನರಾಯಪಟ್ಟಣದ ಹೊತ್ತಿಗೆ ತೆಂಗು, ರಾಗಿ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿ, ಸುತ್ತಮುತ್ತ ಹೊಗೆಸೊಪ್ಪು. ಹೊಳೆನರಸೀಪುರದ ಹೊಳೆ ಅಂದ್ರೆ ಹೇಮಾವತಿ.

ಆ ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು ಮುಗಿದದ್ದು 1979ರಲ್ಲಿ. ಹಿನ್ನೀರಲ್ಲಿ ಹಳ್ಳಿಗಳೇ ಮುಳುಗಿದವು. ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚ್ ಮುಂದೆ ನಿಂತು ರೀಲ್ಸ್ ಮಾಡ್ತೀವಲ್ಲ, ಅದು ಹಾಗೆ ಎದ್ದುಹೋದ ಜನರ ಚರ್ಚು. ನಾನೂ ಮಾಡಿದ್ದೆ, ಈಗ ಸ್ವಲ್ಪ ನಾಚಿಕೆ ಆಗುತ್ತೆ. ನೀರು ಕಾಲುವೆ ಹಿಡಿದು ತುಮಕೂರು ಜಿಲ್ಲೆಗೂ ಹೋಯ್ತು.

ಜನ ಬೆಂಗಳೂರಿನ ದಾರಿ ಹಿಡಿದರು. 2017ರಲ್ಲಿ ಶ್ರವಣಬೆಳಗೊಳದ ಮೇಲೆ ನೇರ ರೈಲು ಶುರುವಾದ ಮೇಲಂತೂ ಹೋಗೋದು ಇನ್ನೂ ಸಲೀಸು.

2021ರಲ್ಲಿ ಆಗಬೇಕಿದ್ದ ಗಣತಿ ಆ ವರ್ಷ ನಡೀಲೇ ಇಲ್ಲ. ಮುಂದಿನ ಸಲ ಗಣತಿಯವರು ಬಂದಾಗ ನಾನು ಬೆಂಗಳೂರಿನ ಪಿಜಿಯಲ್ಲೇ ಸಿಗ್ತೀನಿ. ನೀವು ಎಲ್ಲಿರ್ತೀರಿ?