ಗಾಳಿಯಂತ್ರದ ಕೆಳಗಿನ ಓತಿ

ಗದಗ, ಚಿತ್ರದುರ್ಗದ ಕಡೆ ಬಸ್ಸಿನಲ್ಲಿ ಹೋಗುವಾಗ ಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ನೀವು ನೋಡಿರಬಹುದು. ಅವು ಕಲ್ಲಿದ್ದಲು ಸುಡುವುದಿಲ್ಲ. ಹೊಗೆಯೂ ಇಲ್ಲ, ಬೂದಿಯೂ ಇಲ್ಲ. ಆದ್ದರಿಂದಲೇ ಗಾಳಿಯಿಂದ ಸಿಗುವ ವಿದ್ಯುತ್ತನ್ನು ಶುದ್ಧ ಶಕ್ತಿ ಎನ್ನುತ್ತೇವೆ. ಹಾಗಾದರೆ ಅದರಿಂದ ಪರಿಸರಕ್ಕೆ ಯಾವ ತೊಂದರೆಯೂ ಇಲ್ಲವೇ?

ಮೊದಲು ಒಂದು ಲೆಕ್ಕ ಮಾಡೋಣ. ದೂರದಿಂದ ನೋಡಿದರೆ ರೆಕ್ಕೆಗಳು ನಿಧಾನವಾಗಿ ತಿರುಗುವಂತೆ ಕಾಣುತ್ತವೆ, ಅಲ್ಲವೇ? ಒಂದು ರೆಕ್ಕೆಯ ಉದ್ದ 40 ಮೀಟರ್ ಎಂದುಕೊಳ್ಳಿ. ಅದರ ತುದಿ ಒಂದು ಸುತ್ತಿಗೆ ಸುಮಾರು 250 ಮೀಟರ್ ಸಾಗಬೇಕು. 4 ಸೆಕೆಂಡಿನಲ್ಲಿ ಒಂದು ಸುತ್ತು ಮುಗಿದರೆ ತುದಿಯ ವೇಗ ಗಂಟೆಗೆ 220 ಕಿ.ಮೀ.ಗೂ ಹೆಚ್ಚು! ಹದ್ದು, ಗಿಡುಗಗಳು ಬೇಟೆಗಾಗಿ ನೆಲವನ್ನೇ ನೋಡುತ್ತಾ ಹಾರುತ್ತವೆ. ಎದುರಿನ ರೆಕ್ಕೆ ಕಾಣದೆ ಬಡಿದು ಕೆಲವು ಸಾಯುತ್ತವೆ. ಕೆಲವು ಆ ಜಾಗಕ್ಕೆ ಬರುವುದನ್ನೇ ಬಿಡುತ್ತವೆ.

ಹದ್ದು ಹೋದರೆ ಏನಾಗುತ್ತದೆ? ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ, ಪಶ್ಚಿಮ ಘಟ್ಟದ ಮೇಲೆ ಚಾಳಕೇವಾಡಿ ಎಂಬ ಎತ್ತರದ ಬಯಲಿದೆ. ಅಲ್ಲಿ ಹಲವು ವರ್ಷಗಳಿಂದ ಗಾಳಿಯಂತ್ರಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಸಂಗಡಿಗರು ಯಂತ್ರಗಳಿರುವ ಜಾಗವನ್ನೂ ಇಲ್ಲದ ಜಾಗವನ್ನೂ ಹೋಲಿಸಿ ನೋಡಿದರು. 2018ರಲ್ಲಿ ಅವರ ವರದಿ ಪ್ರಕಟವಾಯಿತು. ಯಂತ್ರಗಳಿದ್ದಲ್ಲಿ ಬೇಟೆ ಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆ. ಅವುಗಳ ಆಹಾರವಾದ ಓತಿಗಳು ಮಾತ್ರ ಹೆಚ್ಚು.

ಶತ್ರು ಇಲ್ಲದ ಮೇಲೆ ಓತಿಗೆ ಹಬ್ಬವೇ ಎಂದು ನಿಮಗನ್ನಿಸಬಹುದು. ಒಂದು ರೀತಿಯಲ್ಲಿ ನಿಜ. ಅವುಗಳ ರಕ್ತದಲ್ಲಿ ಆತಂಕದ ಹಾರ್ಮೋನು ಕಡಿಮೆಯಿತ್ತು. ಮನುಷ್ಯರು ತೀರಾ ಹತ್ತಿರ ಹೋಗುವವರೆಗೂ ಅವು ಓಡುತ್ತಿರಲಿಲ್ಲ. ಆದರೆ ಅವು ಬಡಕಲಾಗಿದ್ದವು. ತಿನ್ನುವ ಬಾಯಿಗಳು ಹೆಚ್ಚಾದರೆ ಒಂದೊಂದರ ಪಾಲಿಗೆ ಸಿಗುವ ಹುಳಹುಪ್ಪಟೆ ಕಡಿಮೆ ತಾನೆ? ಈ ಜಾತಿಯ ಗಂಡು ಓತಿಯ ಗಂಟಲಲ್ಲಿ ಬೀಸಣಿಗೆಯಂತೆ ಬಿಚ್ಚುವ ಬಣ್ಣದ ಚರ್ಮವಿದೆ. ನೀಲಿ, ಕಪ್ಪು, ಕಿತ್ತಳೆ! ಆ ಬಣ್ಣವೂ ಇಲ್ಲಿ ಮಂಕಾಗಿತ್ತು. ಹದ್ದನ್ನು ದೂರವಿಟ್ಟ ಯಂತ್ರವೇ ಆಹಾರ ಸರಪಳಿಯ ತುದಿಯಲ್ಲಿ ಹೋಗಿ ಕುಳಿತಂತಾಯಿತು. ಕಬ್ಬಿಣದ ಕಂಬವೊಂದು ಓತಿಯ ಬಣ್ಣ ಕೆಡಿಸುತ್ತದೆ ಎಂದು ಯಾರು ತಾನೆ ಎಣಿಸಿದ್ದರು!

ಹೊಗೆಯಿಲ್ಲದ ಬೇರೆ ಶಕ್ತಿಮೂಲಗಳೂ ಹೀಗೆಯೇ ಏನಾದರೊಂದನ್ನು ಕೇಳುತ್ತವೆ. ತುಮಕೂರು ಜಿಲ್ಲೆಯ ಪಾವಗಡದ ಸೌರ ವಿದ್ಯುತ್ ಪಾರ್ಕಿಗೆ ಸುಮಾರು 13,000 ಎಕರೆ ನೆಲ ಬೇಕಾಯಿತು. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಕಾಡು, ಗದ್ದೆ, ಊರುಗಳು ಮುಳುಗಿದವು.

ಹಾಗೆಂದು ಕಲ್ಲಿದ್ದಲೇ ವಾಸಿ ಎಂದುಕೊಳ್ಳಬೇಡಿ. ಅದರ ಹೊಗೆ ಇಡೀ ಭೂಮಿಯನ್ನೇ ಬಿಸಿ ಮಾಡುತ್ತದೆ. ಗಾಳಿಯಂತ್ರದ ತೊಂದರೆ ತಗ್ಗಿಸಲು ಉಪಾಯಗಳೂ ಇವೆ. ಹಕ್ಕಿಗಳು ಹೆಚ್ಚಾಗಿ ಓಡಾಡುವ ಜಾಗ ಬಿಟ್ಟು ಯಂತ್ರ ನಿಲ್ಲಿಸುವುದು ಒಂದು. ಇನ್ನೊಂದನ್ನು ನಾರ್ವೆ ದೇಶದ ಸ್ಮೋಲಾ ದ್ವೀಪದಲ್ಲಿ ಪರೀಕ್ಷಿಸಿದರು. ಮೂರೂ ರೆಕ್ಕೆ ಬಿಳಿಯಾಗಿದ್ದರೆ ತಿರುಗುವಾಗ ಅವು ಕಲಸಿಹೋಗಿ ಹಕ್ಕಿಯ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಅದಕ್ಕೆ ನಾಲ್ಕು ಯಂತ್ರಗಳಲ್ಲಿ ಒಂದೊಂದು ರೆಕ್ಕೆಗೆ ಕಪ್ಪು ಬಣ್ಣ ಬಳಿದರು. ಪಕ್ಕದ ಬಿಳಿ ಯಂತ್ರಗಳಿಗೆ ಹೋಲಿಸಿದರೆ ಅಲ್ಲಿ ಹಕ್ಕಿಗಳ ಸಾವು ಶೇ. 70ರಷ್ಟು ಕಡಿಮೆಯಾಯಿತೆಂದು 2020ರಲ್ಲಿ ವರದಿಯಾಯಿತು. ಆದರೆ ಇದು ನಾಲ್ಕೇ ಯಂತ್ರಗಳ ಲೆಕ್ಕ. ಹಾಗಾಗಿ ಬೇರೆ ದೇಶಗಳಲ್ಲೂ ಕಪ್ಪು ರೆಕ್ಕೆಯ ಪರೀಕ್ಷೆ ಶುರುವಾಯಿತು.