ಅಲೆಗಿಂತ ಮುಂಚೆ ಮುಟ್ಟಬೇಕಾದ ಸುದ್ದಿ

2004ರ ಡಿಸೆಂಬರ್ 26, ಭಾನುವಾರ. ಸುಮಾತ್ರಾ ಬಳಿ ಕಡಲತಳ ಬಿರಿದಾಗ ನಮ್ಮಲ್ಲಿ ಬೆಳಗಿನ ಆರೂವರೆ. ತಮಿಳುನಾಡಿನ ನಾಗಪಟ್ಟಣಂಗೆ ಅಲೆ ಬಂದದ್ದು ಎರಡು ಗಂಟೆಗೂ ಹೆಚ್ಚು ಹೊತ್ತಾದ ಮೇಲೆ. ಆ ಒಂದೇ ಜಿಲ್ಲೆಯಲ್ಲಿ 6,000ಕ್ಕೂ ಹೆಚ್ಚು ಜನ ಸತ್ತರು. ಎರಡು ಗಂಟೆಯಲ್ಲಿ ಕೋಲೂರುವ ಅಜ್ಜಿಯೂ ಕಡಲಿನಿಂದ ದೂರ ನಡೆದು ಹೋಗಬಹುದಿತ್ತು. ಹೇಳುವವರೇ ಇರಲಿಲ್ಲವಲ್ಲ ಎಂದು ನೆನೆದರೆ ಇವತ್ತಿಗೂ ಕರುಳು ಹಿಂಡುತ್ತದೆ.

ಆ ಕೊರತೆ ನೀಗಲೆಂದೇ 2007ರಲ್ಲಿ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯಲ್ಲಿ ಸುನಾಮಿ ಎಚ್ಚರಿಕೆ ಕೇಂದ್ರ ಶುರುವಾಯಿತು. ಭೂಕಂಪದ ಕಂಪನ ಸೆಕೆಂಡಿಗೆ ಹಲವು ಕಿ.ಮೀ. ಓಡುತ್ತದೆ. ಸುನಾಮಿಯದು, ನಾಲ್ಕು ಕಿ.ಮೀ. ಆಳದ ಕಡಲಿನಲ್ಲಿ, ಗಂಟೆಗೆ ಸುಮಾರು 700 ಕಿ.ಮೀ. ವೇಗ. ಕಂಪನ ಮೊದಲು ಮುಟ್ಟುವುದರಿಂದಲೇ ನಮಗೆ ಸಮಯ ಸಿಗುತ್ತದೆ. ಅದು ದಾಖಲಾದೊಡನೆ, ಮೊದಲೇ ಲೆಕ್ಕಹಾಕಿಟ್ಟ ಸನ್ನಿವೇಶಗಳಲ್ಲಿ ಹೊಂದುವಂಥದ್ದನ್ನು ಹೆಕ್ಕಿ, ಯಾವ ತೀರಕ್ಕೆ ಎಷ್ಟು ಹೊತ್ತಿಗೆ ಅಲೆ ಬರಬಹುದೆಂದು ಅಂದಾಜಿಸುತ್ತಾರೆ. ಆ ಅಂದಾಜಿಗೆ ಸಾಕ್ಷಿ ಹೇಳುವುದು ಕಡಲತಳದ ಒತ್ತಡಮಾಪಕ. ಮೇಲೆ ಹಾದುಹೋಗುವ ಅಲೆ ಕೆಲವೇ ಸೆಂಟಿಮೀಟರ್ ಇದ್ದರೂ ನೀರಿನ ಭಾರ ಹೆಚ್ಚಿದ್ದು ಅದಕ್ಕೆ ತಿಳಿಯುತ್ತದೆ. ಆ ಸುದ್ದಿ ಶಬ್ದದ ಸಂಕೇತವಾಗಿ ಮೇಲೆ ತೇಲುವ ಸಾಧನಕ್ಕೆ, ಅಲ್ಲಿಂದ ಉಪಗ್ರಹಕ್ಕೆ, ಉಪಗ್ರಹದಿಂದ ನೆಲಕ್ಕೆ ಬರುತ್ತದೆ.

ಬೇಗ ಹೇಳಿದರಷ್ಟೇ ಸಾಲದು ಎಂಬುದನ್ನು ಜಪಾನ್ ನೋವುಂಡು ಕಲಿಯಿತು. 2011ರ ಮಾರ್ಚ್ 11ರಂದು, ಭೂಕಂಪವಾದ ಮೂರೇ ನಿಮಿಷದಲ್ಲಿ ಅಲ್ಲಿ ಎಚ್ಚರಿಕೆ ಹೊರಟಿತ್ತು. ಆದರೆ 9ರಷ್ಟಿದ್ದ ಭೂಕಂಪದ ತೀವ್ರತೆ ಮೊದಲ ಲೆಕ್ಕಕ್ಕೆ ಸಿಕ್ಕಿದ್ದು 7.9 ಎಂದು. ಇವಾಟೆ ತೀರಕ್ಕೆ ಮೂರು ಮೀಟರ್ ಅಲೆ ಎಂದರು. ಅಷ್ಟೇ ತಾನೆ ಎಂದು ಕೆಲವರು ಕದಲಲಿಲ್ಲ. ಲೆಕ್ಕ ತಿದ್ದಿ ಮತ್ತೆ ಹೇಳುವಷ್ಟರಲ್ಲಿ ಕರೆಂಟು ಹೋಗಿ, ಹಲವರ ಕಿವಿಗೆ ಅದು ಬೀಳಲೇ ಇಲ್ಲ. ಆಮೇಲೆ ಜಪಾನ್ ಅದೇ ಕಡಲಿನಡಿ 5,500 ಕಿ.ಮೀ.ಗೂ ಉದ್ದದ ಕೇಬಲ್ ಹಾಸಿ 150 ಕಡೆ ಮಾಪಕಗಳನ್ನು ಕೂರಿಸಿತು. ಭೂಕಂಪದ ಅಂದಾಜನ್ನೇ ನೆಚ್ಚಿಕೊಳ್ಳದೆ ಅಲೆಯನ್ನೇ ನಡುಗಡಲಲ್ಲಿ ಅಳೆಯುವ ಈ ದಾರಿಯೇ ಸರಿ ಎಂದು ನನಗನ್ನಿಸುತ್ತದೆ.

ಆದರೂ ಭೂಕಂಪದ ಮಗ್ಗುಲಲ್ಲೇ ಇರುವವರ ಪಾಡೇನು? 2004ರಲ್ಲಿ ಸುಮಾತ್ರಾ ಪಕ್ಕದ ಸಿಮೆಯುಲುಯೆ ದ್ವೀಪದ ಉತ್ತರ ತೀರಕ್ಕೆ ಹತ್ತು ನಿಮಿಷದೊಳಗೆ ಅಲೆ ಬಂದಿತ್ತು. 1907ರ ಸುನಾಮಿಯಲ್ಲಿ ತಮ್ಮವರನ್ನು ಕಳೆದುಕೊಂಡಿದ್ದ ಆ ದ್ವೀಪದ ಹಿರಿಯರು ಮಕ್ಕಳಿಗೆ ಒಂದು ಮಾತು ಹೇಳಿಕೊಡುತ್ತ ಬಂದಿದ್ದರು: ನೆಲ ಜೋರಾಗಿ ನಡುಗಿ, ಕಡಲು ಹಿಂದೆ ಸರಿದರೆ ಗುಡ್ಡಕ್ಕೆ ಓಡಿ. ಅದಕ್ಕೆ ಅವರ ಭಾಷೆಯಲ್ಲೊಂದು ಹೆಸರೂ ಇದೆ, ‘ಸ್ಮೊಂಗ್’. ಆ ಬೆಳಿಗ್ಗೆ ಸೈರನ್ ಇಲ್ಲ, ಉಪಗ್ರಹದ ಸುದ್ದಿಯಿಲ್ಲ. ‘ಸ್ಮೊಂಗ್, ಸ್ಮೊಂಗ್’ ಎಂದು ಕೂಗುತ್ತ ಊರಿಗೆ ಊರೇ ಗುಡ್ಡ ಹತ್ತಿತು. ಸುಮಾರು 78,000 ಜನರಲ್ಲಿ ಅಲೆಗೆ ಸಿಕ್ಕಿ ಸತ್ತವರು ಏಳೇ ಮಂದಿ.