ಜೆರೇನಿಯಂ ಗಿಡದ ಹೂವು, ಎಲೆ ಮತ್ತು ಪರಿಮಳ

ಕುಂಡಗಳಲ್ಲಿ ಅಲಂಕಾರಕ್ಕಾಗಿ ಬೆಳೆಸುವ ಕೆಂಪು ಹೂವಿನ ಜೆರೇನಿಯಂ ಗಿಡವೂ, ಸುಗಂಧತೈಲಕ್ಕಾಗಿ ಹೊಲದಲ್ಲಿ ನೆಡುವ ಜೆರೇನಿಯಂ ಗಿಡವೂ ಒಂದೇ ಎಂದು ಅನೇಕರು ಭಾವಿಸಿರುವುದುಂಟು. ಇವೆರಡೂ ದಕ್ಷಿಣ ಆಫ್ರಿಕ ಮೂಲದ ಪೆಲಾರ್ಗೋನಿಯಂ ಎಂಬ ಕುಲಕ್ಕೆ ಸೇರಿದವಾದರೂ ಜಾತಿಯಲ್ಲಿ ಬೇರೆ, ಪ್ರಯೋಜನದಲ್ಲಿಯೂ ಬೇರೆ. 1753ರಲ್ಲಿ ಲಿನ್ನೇಯಸನು ಇವನ್ನು ಜೆರೇನಿಯಂ ಕುಲದಲ್ಲಿ ಸೇರಿಸಿದ್ದನು. 1789ರಲ್ಲಿ ಫ್ರಾನ್ಸಿನ ಲೆರಿಟಿಯೇ ಎಂಬ ಸಸ್ಯಶಾಸ್ತ್ರಜ್ಞನು ಬೇರ್ಪಡಿಸಿದನು. ಆದರೂ ಪೇಟೆಯಲ್ಲಿ ಹಳೆಯ ಹೆಸರೇ ನಿಂತಿರುವುದರಿಂದ ಸಸಿ ಕೊಳ್ಳುವವರು ಮೋಸಹೋಗುವ ಸಂಭವವಿದೆ.

ಮಲ್ಲಿಗೆ ಸಂಪಿಗೆಗಳನ್ನು ಕಂಡ ನಮ್ಮ ಜನರು ಸುವಾಸನೆಯು ಹೂವಿನಲ್ಲಿಯೇ ಇರಬೇಕೆಂದು ತಿಳಿಯುವುದು ಸಹಜವೇ ಸರಿ. ಈ ಗಿಡದಲ್ಲಿ ಮಾತ್ರ ಪರಿಮಳದ ಬಹುಭಾಗವು ಎಲೆಯ ಮೇಲಿನ ಸೂಕ್ಷ್ಮ ರೋಮಗಳ ತುದಿಯಲ್ಲಿರುವ ಗ್ರಂಥಿಗಳಲ್ಲಿ ಅಡಗಿರುತ್ತದೆ. ಎಲೆಯನ್ನು ಬೆರಳಿನಿಂದ ತಿಕ್ಕಿದೊಡನೆ ಆ ಗ್ರಂಥಿಗಳೊಡೆದು ಗುಲಾಬಿಯಂತಹ ವಾಸನೆಯು ಹೊಮ್ಮುವುದು. ತೈಲದ ಮುಖ್ಯ ಅಂಶಗಳಾದ ಸಿಟ್ರೊನೆಲ್ಲೋಲ್ ಮತ್ತು ಜೆರಾನಿಯೋಲ್ ಎಂಬುವು ಗುಲಾಬಿಯ ಅತ್ತರಿನಲ್ಲಿಯೂ ಇವೆ. ಆದಕಾರಣವೇ ಸಾಬೂನು, ಸುಗಂಧದ್ರವ್ಯಗಳನ್ನು ತಯಾರಿಸುವವರು ದುಬಾರಿಯಾದ ಅತ್ತರಿನ ಬದಲು ಇದನ್ನು ಬಳಸುತ್ತಾರೆ. ಅತ್ತರಿಗೇ ಇದನ್ನು ಬೆರೆಸಿ ಮಾರುವವರೂ ಇಲ್ಲದಿಲ್ಲ.

ಇನ್ನು ಹೂವಿನ ವಿಷಯ. ಅದರ ದಳಗಳಿಗೆ ವಾಸನೆ ಅಲ್ಪ, ಬಣ್ಣವೇ ಹೆಚ್ಚು. ಕೆಂಪು ದಳಗಳ ಬಣ್ಣಕ್ಕೆ ಕಾರಣವಾದ ವಸ್ತುವಿಗೆ ಈ ಗಿಡದಿಂದಲೇ ಪೆಲಾರ್ಗೋನಿಡಿನ್ ಎಂಬ ಹೆಸರು ಬಂದಿತು. ಸಸ್ಯವರ್ಣಗಳ ಸಂಶೋಧನೆಗಾಗಿ 1915ರ ನೊಬೆಲ್ ಪಾರಿತೋಷಕವನ್ನು ಪಡೆದ ಜರ್ಮನಿಯ ವಿಲ್‌ಸ್ಟೇಟರ್ ಪಂಡಿತರು ಇಂತಹ ವರ್ಣಗಳನ್ನು ಪರೀಕ್ಷಿಸಿದವರು. ಸ್ಟ್ರಾಬೆರಿ ಹಣ್ಣಿನ ಕೆಂಪಿಗೂ ಇದೇ ವಸ್ತುವು ಮುಖ್ಯ ಕಾರಣ. ಇಂತಹ ವರ್ಣದ್ರವ್ಯಗಳು ಆಕ್ಸಿಡೀಕರಣವನ್ನು ತಡೆಯುತ್ತವೆಂದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿರುವುದು ನಿಜ. ಆದರೆ ಭಕ್ಷ್ಯದ ಮೇಲೆ ಉದುರಿಸುವ ನಾಲ್ಕಾರು ದಳಗಳಿಂದ ದೇಹಕ್ಕೆ ದೊರಕುವುದೆಷ್ಟು? ನೆಲ್ಲಿಕಾಯಿ, ನುಗ್ಗೆಸೊಪ್ಪುಗಳ ಸ್ಥಾನಕ್ಕೆ ಇದು ಬಾರದು. ತಿನ್ನುವುದಾದರೆ ಕೀಟನಾಶಕವನ್ನು ಸೋಕಿಸದೆ ಮನೆಯಲ್ಲಿಯೇ ಬೆಳೆದ ಗಿಡದ ಹೂವನ್ನು ಮಾತ್ರ ತಿನ್ನತಕ್ಕದ್ದು. ಮಾರಾಟದ ಕುಂಡಗಳ ಗಿಡಗಳಿಗೆ ಹಾಕುವ ಕೆಲವು ಔಷಧಗಳು ಗಿಡದ ಒಳಕ್ಕೇ ಸೇರುವುದರಿಂದ ತೊಳೆದರೂ ಹೋಗಲಾರವು. ಭಟ್ಟಿ ಇಳಿಸಿದ ತೈಲವನ್ನು ಸೇವಿಸಲೇಕೂಡದು.

ತೈಲದ ಜಾತಿಯು ನೀಲಗಿರಿ, ಕೊಡೈಕೆನಾಲ್ ಮೊದಲಾದ ತಂಪು ಪ್ರದೇಶಗಳಲ್ಲಿ ಬೆಳೆದುಬಂದ ಪೈರು. ಕಾಂಡದ ತುಂಡುಗಳನ್ನು ನೆಟ್ಟು ಬೇರೂರಿಸಬೇಕು. ನೀರು ನಿಲ್ಲುವ ಭೂಮಿಯಲ್ಲಿ ಬೇರು ಕೊಳೆತು ಗಿಡವು ಸೊರಗುವುದು. ಸುಮಾರು ನಾಲ್ಕು ತಿಂಗಳಿಗೆ ಮೊದಲ ಕೊಯ್ಲು. ಎಲೆಯ ನಿಂಬೆವಾಸನೆಯು ಗುಲಾಬಿವಾಸನೆಗೆ ತಿರುಗುವುದೇ ಕೊಯ್ಲಿನ ಗುರುತು. ಒಂದು ಟನ್ನು ಹಸಿ ಸೊಪ್ಪಿನಿಂದ ಒಂದೆರಡು ಕಿಲೋಗ್ರಾಂ ತೈಲ ಮಾತ್ರ ಇಳಿಯುವುದರಿಂದ ಸೊಪ್ಪನ್ನು ದೂರಕ್ಕೆ ಸಾಗಿಸುವುದು ಗಿಟ್ಟದು. ಸಸಿಗೆ ಹಣ ಕೊಡುವ ಮೊದಲು ಸಮೀಪದಲ್ಲಿ ಭಟ್ಟಿಯಿದೆಯೇ, ತೈಲವನ್ನು ಕೊಳ್ಳುವವರು ಯಾರು ಎಂಬುದನ್ನು ವಿಚಾರಿಸತಕ್ಕದ್ದು.